282 ಅಂಕ, ತಿಂಗಳಿಗೆ 25 ರೂಪಾಯಿ

ಸ್ಕಾಲರ್‌ಶಿಪ್ ಅರ್ಜಿ ಹಾಕೋ ಕಾಲ ಬಂತು ಅಂದ್ರೆ ನಮ್ಮ ಕಾಲೇಜುಗಳಲ್ಲಿ ಒಂದು ಸಣ್ಣ ಜಾತ್ರೆ ಶುರುವಾಗುತ್ತೆ. ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಎಲ್ಲಿದೆ ಅಂತ ಹುಡುಕೋರು ಕೆಲವರು, ಬ್ಯಾಂಕ್ ಖಾತೆಗೆ ಆಧಾರ್ ಲಿಂಕ್ ಆಗಿಲ್ಲ ಅಂತ ಓಡಾಡೋರು ಕೆಲವರು, ಇಂಥದ್ದೊಂದು ಇದೆ ಅಂತಲೇ ಗೊತ್ತಿಲ್ಲದೆ ಸುಮ್ಮನೆ ಕೂತಿರೋರು ಇನ್ನು ಕೆಲವರು. ಆ ಅರ್ಜಿಗಳಲ್ಲಿ ಪೋಸ್ಟ್ ಮೆಟ್ರಿಕ್ ಅನ್ನೋ ಹೆಸರನ್ನು ನಾವೆಲ್ಲ ನೋಡಿದ್ದೇವೆ. ಮೆಟ್ರಿಕ್ ಅನ್ನೋ ಪರೀಕ್ಷೆಯನ್ನು ನಮ್ಮಲ್ಲಿ ಯಾರೂ ಬರೆದಿಲ್ಲ, ನಮಗೆ ಇರೋದು ಎಸ್ಸೆಸ್ಸೆಲ್ಸಿ. ಆದರೂ ಆ ಹಳೇ ಪದ ಹಾಗೇ ಉಳಿದುಕೊಂಡಿದೆ. ಈ ಯೋಜನೆಯ ಹಿಂದೆ ಇರುವುದು 1907ರಲ್ಲಿ ಮುಂಬೈಯಲ್ಲಿ ಮೆಟ್ರಿಕ್ ಪಾಸಾದ ಒಬ್ಬ ವಿದ್ಯಾರ್ಥಿಯ ಬದುಕು. ಡಾ. ಬಿ. ಆರ್. ಅಂಬೇಡ್ಕರ್ ಅವರ ಬಗ್ಗೆ ಸಂವಿಧಾನದ ಕಡೆಯಿಂದ ನಾವು ಬಹಳ ಓದಿದ್ದೇವೆ. ಈ ಸಲ ಒಬ್ಬ ಸ್ಕಾಲರ್‌ಶಿಪ್ ವಿದ್ಯಾರ್ಥಿಯಾಗಿ ಅವರನ್ನು ನೋಡೋಣ.

ಭೀಮರಾವ್ ಹುಟ್ಟಿದ್ದು 1891ರ ಏಪ್ರಿಲ್ 14ರಂದು, ಈಗಿನ ಮಧ್ಯಪ್ರದೇಶದ ಮಹೂ ದಂಡಿನ ಊರಿನಲ್ಲಿ. ತಂದೆ ರಾಮ್‌ಜಿ ಸಕ್ಪಾಲ್ ಸೈನ್ಯದಲ್ಲಿ ಸುಬೇದಾರರಾಗಿದ್ದವರು. ಮಹಾರ್ ಸಮುದಾಯದ ಮನೆ. ಸಾತಾರದ ಶಾಲೆಯಲ್ಲಿ ಕೂರೋದಕ್ಕೆ ಗೋಣಿಚೀಲವನ್ನು ಮನೆಯಿಂದಲೇ ತರಬೇಕಿತ್ತು, ಸಂಜೆ ವಾಪಸ್ ಹೊತ್ತುಕೊಂಡು ಹೋಗಬೇಕಿತ್ತು. ಬಾಯಾರಿದರೆ ನಲ್ಲಿ ಮುಟ್ಟುವಂತಿಲ್ಲ. ಶಾಲೆಯ ಜವಾನ ಬಂದು ನಲ್ಲಿ ತಿರುಗಿಸಿದರೆ ನೀರು, ಅವನಿಲ್ಲದ ದಿನ ಬಾಯಾರಿಕೆಯೇ ಗತಿ.

ಆಮೇಲೆ ಕುಟುಂಬ ಮುಂಬೈಗೆ ಬಂತು. ಪರೇಲ್‌ನ ಚಾಳಿನಲ್ಲಿ ಒಂದೇ ಕೋಣೆ. ಅಡುಗೆ, ಮಲಗೋದು, ಓದೋದು ಎಲ್ಲಾ ಅಲ್ಲೇ. ಮನೆಯ ಗದ್ದಲ ಅಡಗಿದ ಮೇಲೆ ಮಗ ಓದಲಿ ಅಂತ ತಂದೆ ರಾತ್ರಿ ಎರಡು ಗಂಟೆಗೆ ಎಬ್ಬಿಸುತ್ತಿದ್ದರು. ಮಗ ಪುಸ್ತಕ ಕೇಳಿದರೆ ಇಲ್ಲ ಅಂದದ್ದಿಲ್ಲ. ಕೈಯಲ್ಲಿ ದುಡ್ಡಿಲ್ಲದಾಗ ಮದುವೆಯಾದ ಮಗಳ ಮನೆಗೆ ಹೋಗಿ, ಅವಳ ಒಡವೆ ಕೇಳಿ ಪಡೆದು ಗಿರವಿ ಇಟ್ಟು ಪುಸ್ತಕ ತರುತ್ತಿದ್ದರು. ಪಿಂಚಣಿ ಬಂದಾಗ ಬಿಡಿಸಿ ಕೊಡುತ್ತಿದ್ದರು. ಇಬ್ಬರು ಮಕ್ಕಳನ್ನೂ ಓದಿಸೋದು ಆಗದ ಮಾತಾದಾಗ ಅಣ್ಣ ಓದು ಬಿಟ್ಟು ಕೆಲಸಕ್ಕೆ ಸೇರಿದರು. ಅಂದರೆ ಭೀಮರಾವ್ ಅವರ ಮೊದಲ ಸ್ಕಾಲರ್‌ಶಿಪ್ ಕೊಟ್ಟಿದ್ದು ಮನೆಯವರೇ. ಅದಕ್ಕೆ ಅರ್ಜಿಯೂ ಇರಲಿಲ್ಲ, ಕೊನೆಯ ದಿನಾಂಕವೂ ಇರಲಿಲ್ಲ.

ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಓದುವಾಗ ಅವರಿಗೆ ಸಂಸ್ಕೃತ ಕಲಿಯುವ ಆಸೆಯಿತ್ತು, ಕಲಿಸಲಿಲ್ಲ. ಪರ್ಷಿಯನ್ ತೆಗೆದುಕೊಳ್ಳಬೇಕಾಯಿತು. 1907ರಲ್ಲಿ ಮೆಟ್ರಿಕ್ ಪಾಸಾದರು. ಎಷ್ಟು ಅಂಕ ಗೊತ್ತಾ? 750ಕ್ಕೆ 282. ಲೆಕ್ಕ ಹಾಕಿ ನೋಡಿ, ಶೇಕಡಾ 38ಕ್ಕಿಂತ ಕಮ್ಮಿ. ಈಗಿನ ಮೆರಿಟ್ ಸ್ಕಾಲರ್‌ಶಿಪ್ ಪಟ್ಟಿಯಲ್ಲಿ ಈ ಹೆಸರು ಕೊನೆಯಲ್ಲೂ ಬರ್ತಾ ಇರಲಿಲ್ಲ. ಆದರೆ ಆ ಕೋಣೆ, ಆ ದೀಪ, ಆ ಎರಡು ಗಂಟೆ ರಾತ್ರಿ ಅಂಕಪಟ್ಟಿಯಲ್ಲಿ ಎಲ್ಲೂ ನಮೂದಾಗಿರೋಲ್ಲ, ಅಲ್ವಾ? ಅವರ ಸಮುದಾಯದ ಹುಡುಗನೊಬ್ಬ ಮೆಟ್ರಿಕ್ ದಾಟೋದೇ ಆಗ ದೊಡ್ಡ ಸುದ್ದಿ.

ಅಂಕ ನೋಡದೆ ಹುಡುಗನನ್ನು ನೋಡಿದ ಒಬ್ಬರಿದ್ದರು. ಕೃಷ್ಣಾಜಿ ಅರ್ಜುನ್ ಕೇಳೂಸ್ಕರ್, ಮರಾಠಿ ಲೇಖಕರು, ಶಾಲಾ ಶಿಕ್ಷಕರು. ಅವರು ಓದಲು ಹೋಗಿ ಕೂರುತ್ತಿದ್ದ ಉದ್ಯಾನವನದಲ್ಲೇ ಈ ಹುಡುಗನೂ ಪುಸ್ತಕ ಹಿಡಿದು ಕೂರುತ್ತಿದ್ದ. ಹಾಗೆ ಪರಿಚಯ. ತಾವೇ ಬರೆದ ಬುದ್ಧನ ಜೀವನಚರಿತ್ರೆಯನ್ನು ಅವರು ಭೀಮರಾವ್ ಕೈಗೆ ಕೊಟ್ಟರು. ಆ ಪುಸ್ತಕ ಮುಂದೆ ಎಲ್ಲಿಗೆ ಕರೆದುಕೊಂಡು ಹೋಯ್ತು ಅನ್ನೋದು ಎಲ್ಲರಿಗೂ ಗೊತ್ತೇ ಇದೆ. ಆದರೆ ಕೇಳೂಸ್ಕರ್ ಮಾಡಿದ ಇನ್ನೊಂದು ಉಪಕಾರದ ಬಗ್ಗೆ ಜನ ಅಷ್ಟಾಗಿ ಮಾತಾಡೋಲ್ಲ.

ಎಲ್ಫಿನ್‌ಸ್ಟನ್ ಕಾಲೇಜು ಸೇರಿದ ಮೇಲೆ ತಂದೆಗೆ ಖರ್ಚು ನಿಭಾಯಿಸೋದು ಆಗಲಿಲ್ಲ. ಓದು ನಡುವೆಯೇ ನಿಲ್ಲುವ ಹಂತ ತಲುಪಿತು. ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರು ಅಸ್ಪೃಶ್ಯ ಸಮುದಾಯದ ಯೋಗ್ಯ ವಿದ್ಯಾರ್ಥಿಗಳಿಗೆ ನೆರವು ಕೊಡ್ತೀನಿ ಅಂತ ಮೊದಲೇ ಸಾರಿದ್ದರು. ತಮ್ಮ ಸಂಸ್ಥಾನದಲ್ಲಿ 1906ರಲ್ಲೇ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡಿದ್ದ ದೊರೆ ಅವರು. ಆದರೆ ದೊರೆಯ ಮಾತು ಪರೇಲ್‌ನ ಚಾಳಿಗೆ ತಲುಪಬೇಕಲ್ಲ. ತಲುಪಿಸಿದ್ದು ಕೇಳೂಸ್ಕರ್. ಹೀಗೊಂದು ಅವಕಾಶ ಇದೆ ಅಂತ ಹೇಳಿ ಸುಮ್ಮನಾಗಲಿಲ್ಲ, ಹುಡುಗನನ್ನು ಜೊತೆಗೆ ಕರೆದುಕೊಂಡು ಮಹಾರಾಜರ ಮುಂದೆ ನಿಲ್ಲಿಸಿದರು. ಮಹಾರಾಜರು ಒಂದಷ್ಟು ಪ್ರಶ್ನೆ ಕೇಳಿದರು, ಉತ್ತರ ಒಪ್ಪಿಗೆಯಾಯಿತು. ತಿಂಗಳಿಗೆ 25 ರೂಪಾಯಿ ಮಂಜೂರಾಯಿತು. ಪ್ರೊಫೆಸರ್ ಮುಲ್ಲರ್ ಪುಸ್ತಕ, ಬಟ್ಟೆ ಕೊಟ್ಟು ಬೆನ್ನಿಗೆ ನಿಂತರು. ಹೀಗೆ ಬಿ.ಎ. ಮುಗಿಯಿತು.

1913ರ ಆರಂಭದಲ್ಲಿ ಭೀಮರಾವ್ ಬರೋಡಾದಲ್ಲಿ ಕೆಲಸಕ್ಕೆ ಸೇರಿದರು. ಕೆಲವೇ ದಿನಗಳಲ್ಲಿ ತಂದೆಗೆ ಹುಷಾರಿಲ್ಲ ಅನ್ನೋ ಸುದ್ದಿ ಬಂತು. ಫೆಬ್ರವರಿ 2ರಂದು ರಾಮ್‌ಜಿ ತೀರಿಕೊಂಡರು. ರಾತ್ರಿ ಎಬ್ಬಿಸುತ್ತಿದ್ದ ಆ ಕೈ ಇನ್ನಿಲ್ಲ. ಅದೇ ವರ್ಷ ಬರೋಡಾ ಸಂಸ್ಥಾನ ಕೆಲವು ವಿದ್ಯಾರ್ಥಿಗಳನ್ನು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳಿಸುವ ಯೋಚನೆಯಲ್ಲಿತ್ತು. ಭೀಮರಾವ್ ಅರ್ಜಿ ಹಾಕಿದರು, ಆಯ್ಕೆಯಾದರು. ತಿಂಗಳಿಗೆ ಹನ್ನೊಂದೂವರೆ ಪೌಂಡ್, ಮೂರು ವರ್ಷ. ಜೂನ್ 4ರಂದು ಒಂದು ಕರಾರಿಗೆ ಸಹಿ ಹಾಕಿದರು. ಓದು ಮುಗಿದ ಮೇಲೆ ಹತ್ತು ವರ್ಷ ಬರೋಡಾದ ಸೇವೆ ಮಾಡಬೇಕು ಅನ್ನೋದು ಷರತ್ತು. ನಮ್ಮ ಪ್ಲೇಸ್‌ಮೆಂಟ್ ಭಾಷೆಯಲ್ಲಿ ಹೇಳೋದಾದ್ರೆ ಬಾಂಡ್. ಎರಡು ವರ್ಷದ ಬಾಂಡಿಗೇ ನಾವು ಹತ್ತು ಸಲ ಯೋಚನೆ ಮಾಡ್ತೀವಿ.

ನ್ಯೂಯಾರ್ಕಿನಲ್ಲಿ ಆ ಹಣದಲ್ಲೇ ಹೊಟ್ಟೆ ಬಟ್ಟೆ ಕಟ್ಟಿ, ಮನೆಗೂ ಒಂದಷ್ಟು ಕಳಿಸಿ, ಉಳಿದದ್ದರಲ್ಲಿ ಹಳೇ ಪುಸ್ತಕ ಕೊಳ್ಳುತ್ತಿದ್ದರು. 1915ರಲ್ಲಿ ಎಂ.ಎ. ಆಯಿತು. 1916ರಲ್ಲಿ ಲಂಡನ್ನಿಗೆ ಹೋಗಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಮತ್ತು ಗ್ರೇಸ್ ಇನ್ ಎರಡಕ್ಕೂ ಸೇರಿದರು. ಅಷ್ಟರಲ್ಲಿ ಸ್ಕಾಲರ್‌ಶಿಪ್ ಅವಧಿ ಮುಗಿಯಿತು. ಅರ್ಧ ಓದು ಬಿಟ್ಟು 1917ರಲ್ಲಿ ವಾಪಸ್ ಬರಬೇಕಾಯಿತು. ನಾಲ್ಕು ವರ್ಷದೊಳಗೆ ಬಂದು ಮುಗಿಸಬಹುದು ಅನ್ನೋ ಅನುಮತಿಯಷ್ಟೇ ಕೈಯಲ್ಲಿ. ಅದು ಮೊದಲ ಮಹಾಯುದ್ಧದ ಕಾಲ. ಬೇರೆ ಹಡಗಿನಲ್ಲಿ ಬರುತ್ತಿದ್ದ ಅವರ ಸಾಮಾನು, ಪುಸ್ತಕಗಳು ಟಾರ್ಪಿಡೊ ದಾಳಿಗೆ ಸಿಕ್ಕಿ ಸಮುದ್ರ ಸೇರಿದವು. ಅದಕ್ಕೆ ಸಿಕ್ಕ ಪರಿಹಾರದ ದುಡ್ಡಲ್ಲೇ ಬರೋಡಾಕ್ಕೆ ಹೊರಟರು, ಕರಾರಿನಂತೆ ಸೇವೆ ಸಲ್ಲಿಸಲು.

ಬರೋಡಾದಲ್ಲಿ ಕೆಲಸ ಸಿಕ್ಕಿತು, ಇರಲು ಮನೆ ಸಿಗಲಿಲ್ಲ. ಯಾವ ಹಿಂದೂ ಹೋಟೆಲಿನಲ್ಲೂ ಜಾಗ ಕೊಡೋಲ್ಲ ಅಂತ ಗೊತ್ತಿದ್ದರಿಂದ ಪಾರ್ಸಿ ಛತ್ರವೊಂದರಲ್ಲಿ ಪಾರ್ಸಿ ಹೆಸರಿಟ್ಟುಕೊಂಡು ಉಳಿದರು. ಹನ್ನೊಂದನೇ ದಿನ ಬೆಳಿಗ್ಗೆ ದೊಣ್ಣೆ ಹಿಡಿದ ಗುಂಪು ಮೆಟ್ಟಿಲು ಹತ್ತಿ ಬಂತು. ಸಂಜೆಯೊಳಗೆ ಜಾಗ ಖಾಲಿ ಮಾಡಬೇಕಾಯಿತು. ಇಬ್ಬರು ಸ್ನೇಹಿತರನ್ನು ಆಶ್ರಯ ಕೇಳಿದರು, ಇಬ್ಬರೂ ಏನೋ ಕಾರಣ ಹೇಳಿದರು. ಕಾಮಾಠಿ ಬಾಗ್ ಉದ್ಯಾನದಲ್ಲಿ ಹೊತ್ತು ಕಳೆದು ರಾತ್ರಿ ರೈಲಿಗೆ ಮುಂಬೈಗೆ ವಾಪಸ್. ಸ್ಕಾಲರ್‌ಶಿಪ್ ಅವರನ್ನು ಪರೇಲ್‌ನಿಂದ ನ್ಯೂಯಾರ್ಕಿಗೆ ದಾಟಿಸಿತ್ತು, ಆದರೆ ಬರೋಡಾದಲ್ಲಿ ಒಂದು ರಾತ್ರಿ ತಲೆ ಊರೋ ಜಾಗ ಕೊಡಿಸೋಕೆ ಅದರಿಂದ ಆಗಲಿಲ್ಲ. ಇದನ್ನು ಮರೆತು ಬರೀ ಗೆಲುವಿನ ಕತೆ ಹೇಳಿದರೆ ಅರ್ಧ ಸತ್ಯ ಹೇಳಿದ ಹಾಗೆ.

ಲಂಡನ್ ಓದು ಬಾಕಿ ಇತ್ತಲ್ಲ, ಈ ಸಲ ಸ್ಕಾಲರ್‌ಶಿಪ್ ಇರಲಿಲ್ಲ. 1918ರ ನವೆಂಬರಿನಲ್ಲಿ ಮುಂಬೈಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರೊಫೆಸರ್ ಆಗಿ, ಸಂಬಳದಲ್ಲಿ ಉಳಿಸಿ, ಕೊಲ್ಹಾಪುರದ ಶಾಹು ಮಹಾರಾಜರ ನೆರವು ಪಡೆದು, ಗೆಳೆಯ ನವಲ್ ಭಥೇನಾ ಅವರಿಂದ 5000 ರೂಪಾಯಿ ಸಾಲ ಮಾಡಿ 1920ರಲ್ಲಿ ಮತ್ತೆ ಹಡಗು ಹತ್ತಿದರು. 1921ರಲ್ಲಿ ಎಂ.ಎಸ್ಸಿ., 1923ರಲ್ಲಿ ಡಿ.ಎಸ್ಸಿ., ಜೊತೆಗೆ ಬ್ಯಾರಿಸ್ಟರ್ ಪದವಿ. ಕೊಲಂಬಿಯಾದ ಪಿಎಚ್.ಡಿ. ಮಾತ್ರ ಕೈಗೆ ಬಂದದ್ದು 1927ರಲ್ಲಿ. ಪ್ರಬಂಧವನ್ನು ಅಚ್ಚು ಹಾಕಿಸಿ ಪ್ರತಿಗಳನ್ನು ಕೊಟ್ಟ ಮೇಲೇ ಪದವಿ ಅನ್ನೋದು ಅಲ್ಲಿನ ನಿಯಮವಾಗಿತ್ತು. ಆ ಪುಸ್ತಕವನ್ನು ಅವರು ಅರ್ಪಿಸಿದ್ದು ಸಯಾಜಿರಾವ್ ಅವರಿಗೆ.

ತಾನು ದಾಟಿದ ಮೇಲೆ ಏಣಿ ಎಳೆದುಕೊಂಡವರಲ್ಲ ಅಂಬೇಡ್ಕರ್. 1925ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾದ ಮೂಲಕ ಸೊಲ್ಲಾಪುರದಲ್ಲಿ ವಿದ್ಯಾರ್ಥಿನಿಲಯ ತೆರೆದರು. 1928ರಲ್ಲಿ ಸ್ಥಾಪಿಸಿದ ಡಿಪ್ರೆಸ್ಡ್ ಕ್ಲಾಸಸ್ ಎಜುಕೇಷನ್ ಸೊಸೈಟಿಯ ವಿದ್ಯಾರ್ಥಿನಿಲಯಗಳಲ್ಲಿ ನಮ್ಮ ಧಾರವಾಡದ್ದೂ ಒಂದು. ಬರೋಡಾದಲ್ಲಿ ಮನೆ ಸಿಗದೆ ಉದ್ಯಾನದಲ್ಲಿ ಕೂತವರು ಮೊದಲು ಕಟ್ಟಿದ್ದು ಹುಡುಗರು ಇದ್ದು ಓದೋ ಜಾಗಗಳನ್ನು.

1942ರಲ್ಲಿ ವೈಸರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾದರು. ಅದೇ ವರ್ಷ ಅಕ್ಟೋಬರಿನಲ್ಲಿ ಪರಿಶಿಷ್ಟ ಜಾತಿಗಳ ಕುಂದುಕೊರತೆ ಕುರಿತು ವೈಸರಾಯ್‌ಗೆ ಒಂದು ಮನವಿ ಸಲ್ಲಿಸಿದರು. ಎಂಜಿನಿಯರಿಂಗ್ ಓದೋ ನಾವು ಗಮನಿಸಬೇಕಾದ ಮಾತು ಅದರಲ್ಲಿದೆ. ಕಲೆ, ಕಾನೂನು ಓದಿದರಷ್ಟೇ ಸಾಲದು, ವಿಜ್ಞಾನ ಮತ್ತು ತಂತ್ರಜ್ಞಾನದ ಉನ್ನತ ಶಿಕ್ಷಣ ಬೇಕು, ಅದು ದುಬಾರಿ, ಆದ್ದರಿಂದ ಸರ್ಕಾರವೇ ವಿದ್ಯಾರ್ಥಿವೇತನ ಕೊಡಬೇಕು, ವಿದೇಶಕ್ಕೂ ಕಳಿಸಬೇಕು ಅನ್ನೋದು ಅವರ ವಾದ. ವರ್ಷಕ್ಕೆ 3 ಲಕ್ಷ ರೂಪಾಯಿಯ ಅನುದಾನ ಮಂಜೂರಾಯಿತು. ಪರಿಶಿಷ್ಟ ಜಾತಿ ವಿದ್ಯಾರ್ಥಿಗಳ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ 1944ರಿಂದ ಇವತ್ತಿನವರೆಗೂ ನಡೆದು ಬಂದಿದೆ. ವಿದೇಶದಲ್ಲಿ ಓದೋರಿಗೆ ಇರೋ ನ್ಯಾಷನಲ್ ಓವರ್ಸೀಸ್ ಸ್ಕಾಲರ್‌ಶಿಪ್ 1954-55ರಲ್ಲಿ, ಅವರು ಬದುಕಿದ್ದಾಗಲೇ ಶುರುವಾಯಿತು. 1956ರ ಡಿಸೆಂಬರ್ 6ರಂದು ಅವರು ತೀರಿಕೊಂಡರು.

ಒಬ್ಬ ದೊರೆಯ ಮನಸ್ಸಿಗೆ ಬಂದರೆ ಸಿಗುತ್ತಿದ್ದ 25 ರೂಪಾಯಿಯನ್ನು ಅರ್ಜಿ ಹಾಕಿ ಪಡೆಯುವ ಹಕ್ಕಿನ ಹಾದಿಗೆ ತಂದಿದ್ದು ಅಂಬೇಡ್ಕರ್ ಮಾಡಿದ ದೊಡ್ಡ ಕೆಲಸ. ಆದರೆ ಕೇಳೂಸ್ಕರ್ ಮಾಡಿದ ಕೆಲಸವನ್ನು ಯಾವ ಸರ್ಕಾರಿ ಯೋಜನೆಯೂ ಪೂರ್ತಿ ಮಾಡಿಕೊಡಲಾರದು. ಇಂಥದ್ದೊಂದು ಇದೆ, ನಿನಗೆ ಸಿಗುತ್ತೆ, ಬಾ ಹೋಗೋಣ ಅಂತ ಹೇಳೋಕೆ ಪಕ್ಕದಲ್ಲಿ ಒಬ್ಬ ಮನುಷ್ಯ ಇರಲೇಬೇಕು. ಎಸ್ಸೆಸ್ಸೆಲ್ಸಿ ಮುಗಿಸಿದ ಎಷ್ಟೋ ಹುಡುಗ ಹುಡುಗಿಯರಿಗೆ ಯಾವ ಸ್ಕಾಲರ್‌ಶಿಪ್ ಇದೆ, ಯಾವ ದಾಖಲೆ ಬೇಕು, ನಾಡಕಚೇರಿಗೆ ಯಾವಾಗ ಹೋಗಬೇಕು ಅನ್ನೋದು ಗೊತ್ತಿರೋಲ್ಲ. ಅರ್ಜಿ ತುಂಬಿ ತುಂಬಿ ನಮಗೆ ಅದೆಲ್ಲ ಬಾಯಿಪಾಠ ಆಗಿದೆ. ಮುಂದಿನ ರಜೆಗೆ ಊರಿಗೆ ಹೋದಾಗ ನಮ್ಮ ಬೀದಿಯಲ್ಲಿ, ನಾವು ಓದಿದ ಹೈಸ್ಕೂಲಿನಲ್ಲಿ ಒಬ್ಬರಿಗಾದರೂ ಅದನ್ನು ಕೂತು ಹೇಳಿಕೊಡೋಣ. ಅವರ ಅಂಕ ಎಷ್ಟು ಅಂತ ಮೊದಲು ಕೇಳೋದು ಬೇಡ.