ಡ್ರಾಕುಲಾ ಬಿಸಿಲಿಗೆ ಸಾಯುತ್ತಾನಾ? ಕಥೆ ಬರೆದ ಬ್ರಾಮ್ ಸ್ಟೋಕರ್ ಹಾಗೆ ಹೇಳೇ ಇಲ್ಲ

ಡ್ರಾಕುಲಾ ಬಗ್ಗೆ ಮೊಬೈಲಿಗೆ ಬರುವ ಸಂದೇಶಗಳಲ್ಲಿ ಸಾಮಾನ್ಯವಾಗಿ ಎರಡು ಮಾತು ಇರುತ್ತವೆ. ಒಂದು, ಡ್ರಾಕುಲಾ ಅಂದರೆ ಜನರನ್ನು ಶೂಲಕ್ಕೇರಿಸುತ್ತಿದ್ದ ವ್ಲಾಡ್ ಎಂಬ ನಿಜವಾದ ರಾಜ. ಇನ್ನೊಂದು, ರಕ್ತಪಿಶಾಚಿಗಳು ಅಸಲಿಗೆ ಪಾರ್ಫಿರಿಯಾ ಎಂಬ ಕಾಯಿಲೆಯ ರೋಗಿಗಳು, ಅದಕ್ಕೇ ಅವರಿಗೆ ಬಿಸಿಲು ಆಗುತ್ತಿರಲಿಲ್ಲ. ಎರಡೂ ಕೇಳಲು ಚೆನ್ನಾಗಿವೆ. ಆದರೆ ಡ್ರಾಕುಲಾ ಕಾದಂಬರಿ ಬರೆದ ಬ್ರಾಮ್ ಸ್ಟೋಕರ್‌ನ ಬದುಕನ್ನೊಮ್ಮೆ ನೋಡಿದರೆ ಎರಡೂ ನಿಲ್ಲುವುದಿಲ್ಲ.

ಸ್ಟೋಕರ್ ಹುಟ್ಟಿದ್ದು 1847ರ ನವೆಂಬರ್ 8ರಂದು, ಐರ್ಲೆಂಡಿನ ಡಬ್ಲಿನ್ ಹತ್ತಿರದ ಕ್ಲಾಂಟಾರ್ಫ್‌ನಲ್ಲಿ. ಏನೋ ಕಾಯಿಲೆಯಿಂದ ಏಳು ವರ್ಷದವರೆಗೂ ಹಾಸಿಗೆ ಬಿಟ್ಟು ಎದ್ದಿರಲಿಲ್ಲವಂತೆ. ಮಲಗಿದ್ದ ಮಗನಿಗೆ ತಾಯಿ ಶಾರ್ಲೆಟ್ ಕಥೆ ಹೇಳುತ್ತಿದ್ದಳು. ಅವು ರಾಜ ರಾಣಿಯರ ಕಥೆಗಳಷ್ಟೇ ಅಲ್ಲ. 1832ರಲ್ಲಿ ಅವಳ ಊರು ಸ್ಲೈಗೋದಲ್ಲಿ ಕಾಲರಾ ಬಂದಿತ್ತು. ಸತ್ತವರು ಯಾರು, ಪ್ರಜ್ಞೆ ತಪ್ಪಿದವರು ಯಾರು ಎಂದು ನೋಡುವ ವ್ಯವಧಾನವೂ ಇಲ್ಲದೆ ಜನರನ್ನು ಹೂಳುತ್ತಿದ್ದ ಕಾಲ ಅದು. ಎತ್ತರದ ಒಬ್ಬ ಸಾರ್ಜೆಂಟ್ ಶವಪೆಟ್ಟಿಗೆಯಲ್ಲಿ ಹಿಡಿಸಲಿಲ್ಲ ಎಂದು ಕಾಲು ಮುರಿಯಲು ಸುತ್ತಿಗೆಯಿಂದ ಹೊಡೆದಾಗ ಆತ ಎದ್ದು ಕೂತನೆಂಬುದೂ ಅವಳ ನೆನಪುಗಳಲ್ಲಿ ಒಂದು. ಮುಂದೆ ಮಗನೇ ಕೇಳಿ ಇವನ್ನೆಲ್ಲ ಅವಳಿಂದ ಬರೆಸಿಕೊಂಡ. ನನ್ನ ಪ್ರಕಾರ ಡ್ರಾಕುಲಾದ ಬೇರು ಹುಡುಕಬೇಕಾದದ್ದು ರುಮೇನಿಯಾದ ಕೋಟೆಯಲ್ಲಲ್ಲ, ಈ ಹಾಸಿಗೆಯ ಪಕ್ಕದಲ್ಲಿ.

ಬೆಳೆದ ಮೇಲೆ ಸ್ಟೋಕರ್ ಸರ್ಕಾರಿ ಗುಮಾಸ್ತನಾದ. ಆತನ ಮೊದಲ ಕಥೆಯೇತರ ಪುಸ್ತಕ ಕೋರ್ಟ್ ಗುಮಾಸ್ತರ ಕರ್ತವ್ಯಗಳ ಬಗ್ಗೆ! 1878ರಲ್ಲಿ ಫ್ಲಾರೆನ್ಸ್ ಬಾಲ್ಕೂಮ್‌ಳನ್ನು ಮದುವೆಯಾಗಿ ಲಂಡನ್ನಿಗೆ ಹೋದ. ಪ್ರಸಿದ್ಧ ನಟ ಹೆನ್ರಿ ಇರ್ವಿಂಗ್‌ನ ಲೈಸಿಯಂ ನಾಟಕ ಕಂಪನಿಯ ಲೆಕ್ಕ, ಪತ್ರ, ಪ್ರವಾಸ ಎಲ್ಲ ಆತನ ತಲೆಯ ಮೇಲೆ. ಕಾದಂಬರಿಗೆ ಸಿಕ್ಕಿದ್ದು ಬಿಡುವಿನ ವೇಳೆ ಮಾತ್ರ. ಆ ಓಡಾಟದಲ್ಲೇ ರಿಚರ್ಡ್ ಬರ್ಟನ್ ಪರಿಚಯವಾಯಿತು. ನಮಗೆಲ್ಲ ಗೊತ್ತಿರುವ ವಿಕ್ರಮ ಬೇತಾಳನ ಕಥೆಗಳನ್ನು 1870ರಲ್ಲಿ ಇಂಗ್ಲಿಷಿಗೆ ತಂದವನು ಈ ಬರ್ಟನ್, ಅದೂ ಬೇತಾಳನನ್ನು ವ್ಯಾಂಪೈರ್ ಎಂದು ಕರೆದು. ಬರ್ಟನ್‌ನ ಕೋರೆಹಲ್ಲು ನೋಡಿ ಬೆರಗಾದದ್ದನ್ನು ಸ್ಟೋಕರ್ ಬರೆದುಕೊಂಡಿದ್ದಾನೆ.

ಕಾದಂಬರಿಗಾಗಿ ಆತ ಮಾಡಿಕೊಂಡ ಟಿಪ್ಪಣಿಗಳು ಇಂದಿಗೂ ಅಮೆರಿಕದ ಫಿಲಡೆಲ್ಫಿಯಾದ ರೋಸೆನ್‌ಬಾಕ್ ಮ್ಯೂಸಿಯಂನಲ್ಲಿವೆ. ಅವುಗಳ ಪ್ರಕಾರ ಪಿಶಾಚಿಯ ಮೊದಲ ಹೆಸರು ಕೌಂಟ್ ವ್ಯಾಂಪಿರ್, ಊರು ಆಸ್ಟ್ರಿಯಾದ ಸ್ಟೈರಿಯಾ. 1890ರ ಬೇಸಿಗೆಯಲ್ಲಿ ವಿಟ್ಬಿ ಎಂಬ ಕಡಲೂರಿನ ಲೈಬ್ರರಿಯಲ್ಲಿ ವಿಲಿಯಂ ವಿಲ್ಕಿನ್ಸನ್ ಬರೆದ ಹಳೆಯ ಪುಸ್ತಕವೊಂದು ಸಿಕ್ಕಿತು. ಅದರ ಅಡಿಟಿಪ್ಪಣಿಯಲ್ಲಿ ಡ್ರಾಕುಲಾ ಎಂದರೆ ಅಲ್ಲಿನ ಭಾಷೆಯಲ್ಲಿ ಸೈತಾನ ಎಂದಿತ್ತು. ಹೆಸರು ಹಿಡಿಸಿತು. ಹೆಸರಿನ ಜೊತೆ, ತುರ್ಕರ ವಿರುದ್ಧ ಕಾದಿದವನು ಎಂಬ ಒಂದೆರಡು ಸಂಗತಿಯನ್ನೂ ಎತ್ತಿಕೊಂಡ, ಅಷ್ಟೇ. ಟಿಪ್ಪಣಿಗಳಲ್ಲಿ ವ್ಲಾಡ್ ಎಂಬ ಹೆಸರಿಲ್ಲ, ಶೂಲವೂ ಇಲ್ಲ. ಸ್ಟೋಕರ್ ಟ್ರಾನ್ಸಿಲ್ವೇನಿಯಾವನ್ನು ಕಣ್ಣಿಂದ ನೋಡಿದವನೂ ಅಲ್ಲ. ವ್ಲಾಡನೇ ಡ್ರಾಕುಲಾ ಎಂಬ ಮಾತು ಜನಪ್ರಿಯವಾದದ್ದು 1972ರಲ್ಲಿ ಬಂದ ಇನ್ನೊಂದು ಪುಸ್ತಕದಿಂದ.

ಅದೇ ಟಿಪ್ಪಣಿಗಳ ನಡುವೆ 1896ರ ಅಮೆರಿಕನ್ ಪತ್ರಿಕೆಯ ತುಣುಕೊಂದಿದೆ. ಅಲ್ಲಿನ ನ್ಯೂ ಇಂಗ್ಲೆಂಡ್ ಪ್ರಾಂತ್ಯದಲ್ಲಿ ಮನೆಯವರು ಒಬ್ಬರ ಹಿಂದೊಬ್ಬರು ಕ್ಷಯದಿಂದ ಸತ್ತರೆ, ಮೊದಲು ಸತ್ತವರೇ ಗೋರಿಯಿಂದ ಉಳಿದವರ ರಕ್ತ ಹೀರುತ್ತಿದ್ದಾರೆಂದು ನಂಬುತ್ತಿದ್ದರು. 1892ರ ಮಾರ್ಚ್‌ನಲ್ಲಿ ರೋಡ್ ಐಲೆಂಡ್‌ನಲ್ಲಿ 19 ವರ್ಷದ ಮರ್ಸಿ ಬ್ರೌನ್ ಎಂಬ ಹುಡುಗಿಯ ಶವವನ್ನು ಹೊರತೆಗೆದರು. ಎರಡು ತಿಂಗಳಾದರೂ ದೇಹ ಕೆಟ್ಟಿರಲಿಲ್ಲ, ಹೃದಯದಲ್ಲಿ ರಕ್ತ ಕಂಡಿತು. ಚಳಿಗಾಲದಲ್ಲಿ ಕಲ್ಲಿನ ಕೋಣೆಯಲ್ಲಿಟ್ಟ ದೇಹ ಫ್ರಿಜ್ಜಿನಲ್ಲಿ ಇಟ್ಟಂತೆ ಇರುವುದು ಸಹಜ. ಆದರೂ ಹೃದಯ ಸುಟ್ಟು, ಬೂದಿಯನ್ನು ಕಾಯಿಲೆಯಲ್ಲಿದ್ದ ಅಣ್ಣ ಎಡ್ವಿನ್‌ಗೆ ಕುಡಿಸಿದರು. ಎರಡೇ ತಿಂಗಳಲ್ಲಿ ಅವನೂ ಹೋದ. ಕ್ಷಯಕ್ಕೆ ಬ್ಯಾಕ್ಟೀರಿಯಾ ಕಾರಣ ಎಂದು ರಾಬರ್ಟ್ ಕಾಕ್ ತೋರಿಸಿ ಆಗಲೇ 10 ವರ್ಷವಾಗಿತ್ತು.

1897ರ ಮೇ 26ರಂದು ಡ್ರಾಕುಲಾ ಹೊರಬಂತು. ಸಿರಿವಂತ ಪಿಶಾಚಿ ಸ್ಟೋಕರ್‌ನ ಕಲ್ಪನೆ ಏನಲ್ಲ, ಪೋಲಿಡೋರಿ 1819ರಲ್ಲೇ ಬರೆದಿದ್ದ. ಸ್ಟೋಕರ್ ಮಾಡಿದ್ದು ಹಳ್ಳಿಯ ಗೋರಿಯಿಂದ ಏಳುವ ಹೆಣವನ್ನು ರೈಲು, ಟೈಪ್‌ರೈಟರ್, ಟೆಲಿಗ್ರಾಂ ಇರುವ ಲಂಡನ್ನಿಗೆ ತಂದದ್ದು. ಕಥೆಯಲ್ಲಿ ಆಗಿನ ಹೊಸ ವೈದ್ಯವೂ ಇದೆ. ಲೂಸಿ ಎಂಬ ಹುಡುಗಿಗೆ ನಾಲ್ಕು ಗಂಡಸರ ರಕ್ತ ಕೊಡುತ್ತಾರೆ, ಗುಂಪು ನೋಡದೆ! ರಕ್ತದ ಗುಂಪುಗಳ ವಿಷಯವನ್ನು ಲ್ಯಾಂಡ್‌ಸ್ಟೈನರ್ ಪ್ರಕಟಿಸಿದ್ದೇ 1901ರಲ್ಲಿ. ಇವತ್ತಿನ ಡಾಕ್ಟರನ್ನು ಕೇಳಿದರೆ, ಹೊಂದದ ರಕ್ತವೇ ಅವಳನ್ನು ಕೊಲ್ಲಬಹುದಿತ್ತು ಎಂದಾರು.

ಕಾದಂಬರಿಯ ಡ್ರಾಕುಲಾ ಹಗಲಲ್ಲೂ ಲಂಡನ್ ಬೀದಿಯಲ್ಲಿ ಓಡಾಡುತ್ತಾನೆ. ಹಗಲು ಶಕ್ತಿ ಕಡಿಮೆ, ಅಷ್ಟೇ. ಸಾಯುವುದು ಕತ್ತಿಯೇಟಿಗೆ, ಅದರಲ್ಲೊಂದು ಗೂರ್ಖಾ ಕುಕ್ರಿ.

ಸ್ಟೋಕರ್ 1912ರ ಏಪ್ರಿಲ್ 20ರಂದು, ಟೈಟಾನಿಕ್ ಮುಳುಗಿದ ಐದು ದಿನಕ್ಕೆ, ತೀರಿಕೊಂಡ. ಆಗ ಜನರಿಗೆ ಆತ ಹೆಚ್ಚಾಗಿ ಇರ್ವಿಂಗ್‌ನ ಮ್ಯಾನೇಜರ್. 1922ರಲ್ಲಿ ಜರ್ಮನಿಯವರು ಅನುಮತಿ ಕೇಳದೆ ಅದೇ ಕಥೆಯನ್ನು ನೊಸ್ಫೆರಾಟು ಎಂಬ ಸಿನಿಮಾ ಮಾಡಿದರು. ಪಿಶಾಚಿ ಸೂರ್ಯನ ಬೆಳಕಿಗೆ ಮಾಯವಾಗಿ ಸಾಯುವುದು ಶುರುವಾದದ್ದು ಅಲ್ಲಿಂದ. ಫ್ಲಾರೆನ್ಸ್ ಕೋರ್ಟಿಗೆ ಹೋದಳು. ಎಲ್ಲ ಪ್ರತಿ ನಾಶಮಾಡಿ ಎಂದು 1925ರಲ್ಲಿ ಆದೇಶವಾಯಿತು. ಆದರೂ ಕೆಲವು ಪ್ರತಿ ಉಳಿದವು, ಬಿಸಿಲಿನ ಕಲ್ಪನೆಯೂ ಉಳಿಯಿತು.

ಈಗ ಪಾರ್ಫಿರಿಯಾ ವಿಷಯಕ್ಕೆ ಬನ್ನಿ. 1985ರಲ್ಲಿ ಕೆನಡಾದ ರಸಾಯನ ವಿಜ್ಞಾನಿಯೊಬ್ಬರು ಹೇಳಿದ ಮೇಲೆ ಈ ಮಾತು ಪತ್ರಿಕೆಗಳಲ್ಲಿ ಹಬ್ಬಿತು. ಈ ಕಾಯಿಲೆಯ ಕೆಲವು ಬಗೆಗಳಲ್ಲಿ ಬಿಸಿಲಿಗೆ ಚರ್ಮ ಬೊಕ್ಕೆ ಏಳುವುದು ನಿಜ. ಆದರೆ ಬಿಸಿಲಿಗೆ ಸಾಯುವ ಪಿಶಾಚಿ ಹುಟ್ಟಿದ್ದೇ 1922ರ ಸಿನಿಮಾದಲ್ಲಿ ಎಂದ ಮೇಲೆ, ಹಳ್ಳಿಗಳ ಹಳೆಯ ನಂಬಿಕೆಗೆ ಅದು ಹೇಗೆ ಕಾರಣವಾದೀತು? ರಕ್ತ ಕುಡಿದರೆ ಈ ಕಾಯಿಲೆ ಗುಣವಾಗುವುದೂ ಇಲ್ಲ, ಕುಡಿದದ್ದು ಹೊಟ್ಟೆಯಲ್ಲಿ ಜೀರ್ಣವಾಗಿಬಿಡುತ್ತದೆ. ಪಾರ್ಫಿರಿಯಾ ಹೆಚ್ಚಾಗಿ ಅಪ್ಪ ಅಮ್ಮನಿಂದ ಬರುವ ಅಪರೂಪದ ಕಾಯಿಲೆ, ಮುಟ್ಟಿದರೆ ಅಂಟುವುದಿಲ್ಲ. ಬಿಸಿಲಿಗೆ ಹೊರಗೆ ಬರಲಾಗದ ಮಗುವಿನ ಮನೆಯವರ ಗ್ರೂಪಿಗೂ ಈ ಪಿಶಾಚಿ ಸಂದೇಶ ಹೋಗಿಯೇ ಹೋಗುತ್ತದೆ.