ಎಂ. ವಿಶ್ವೇಶ್ವರಯ್ಯ ಮತ್ತು ಮೋಟಾರು ಕೈಗಾರಿಕೆ

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದ ದಿವಾನರೂ ಖ್ಯಾತ ಇಂಜಿನಿಯರೂ ಆಗಿದ್ದವರು. ನೀರಾವರಿ ಕಾರ್ಯಗಳಿಂದ ಪ್ರಸಿದ್ಧರಾದ ಇವರು, ಮೋಟಾರು ವಾಹನಗಳೂ ಅವುಗಳ ಬಿಡಿಭಾಗಗಳೂ ಭಾರತದಲ್ಲಿಯೇ ತಯಾರಾಗಬೇಕೆಂದು ಮೊದಲಿಗೆ ವ್ಯವಸ್ಥಿತ ಯೋಜನೆ ರೂಪಿಸಿದವರಲ್ಲಿ ಪ್ರಮುಖರು.

ಆರಂಭಿಕ ಜೀವನ
ವಿಶ್ವೇಶ್ವರಯ್ಯನವರು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಜನಿಸಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದು, ಪುಣೆಯಲ್ಲಿ ಇಂಜಿನಿಯರಿಂಗ್ ವ್ಯಾಸಂಗ ಮುಗಿಸಿದರು. 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಖಡಕ್‌ವಾಸ್ಲಾ ಜಲಾಶಯಕ್ಕೆ ಇವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳು ಹೆಸರು ತಂದವು.

ಮಂಡ್ಯ ಸೀಮೆಯೊಡನೆ ಸಂಬಂಧ
1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಆದ ಇವರು ಕನ್ನಂಬಾಡಿ ಕಟ್ಟೆಯ ನಿರ್ಮಾಣಕ್ಕೆ ಚಾಲನೆ ನೀಡಿದರು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದ ವಿದ್ಯುದಾಗಾರವು 1902ರಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಒದಗಿಸುತ್ತಿತ್ತು. ಬೇಸಿಗೆಯಲ್ಲಿ ಕಾವೇರಿಯ ಹರಿವು ಕುಗ್ಗಿದಾಗಲೂ ಅದಕ್ಕೆ ನೀರು ದೊರೆಯುವಂತೆ ಮಾಡುವುದು ಕಟ್ಟೆಯ ಉದ್ದೇಶಗಳಲ್ಲೊಂದಾಗಿತ್ತು. ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ಭಾಗಗಳಿಗೆ ನೀರುಣಿಸುವ, ಮೊದಲು ಇರ್ವಿನ್ ನಾಲೆ ಎನಿಸಿಕೊಂಡಿದ್ದ ಕಾಲುವೆಗೆ ಈಗ ಇವರದೇ ಹೆಸರಿದೆ. 1912ರಿಂದ 1918ರವರೆಗೆ ಇವರು ದಿವಾನರಾಗಿದ್ದರು.

ಮೋಟಾರು ಕಾರ್ಖಾನೆಯ ಯೋಜನೆ
1930ರ ದಶಕದಲ್ಲಿ ಭಾರತದ ಕಾರುಗಳು ಬಹುತೇಕ ಹೊರದೇಶಗಳಿಂದಲೇ ಬರುತ್ತಿದ್ದವು. ಜನರಲ್ ಮೋಟಾರ್ಸ್ ಸಂಸ್ಥೆಯು 1928ರಿಂದ ಮುಂಬಯಿಯಲ್ಲಿ ವಾಹನಗಳನ್ನು ಜೋಡಿಸುತ್ತಿದ್ದರೂ ಭಾಗಗಳು ಹಡಗಿನಲ್ಲಿ ಬರಬೇಕಾಗಿತ್ತು. ಟೈರುಗಳ ವಿಷಯದಲ್ಲಿ ಮಾತ್ರ ಸ್ಥಿತಿ ಬದಲಾಗತೊಡಗಿತ್ತು; ಬಂಗಾಳದ ಸಾಹಾಗಂಜ್‌ನಲ್ಲಿ 1936ರಲ್ಲಿ ಡನ್‌ಲಪ್ ಕಾರ್ಖಾನೆ ಆರಂಭವಾಯಿತು. ಗೇರು, ಆಕ್ಸಲ್ ಅಥವಾ ಪಿಸ್ಟನ್ ಸವೆದರೆ ವಾಹನದ ಮಾಲೀಕನು ಆಮದಾದ ಭಾಗವನ್ನೇ ನೆಚ್ಚಬೇಕಾಗಿತ್ತು. ದುರಸ್ತಿ ಬಲ್ಲ ಕೆಲಸಗಾರರಿದ್ದರೂ ಭಾಗಗಳನ್ನು ತಯಾರಿಸುವ ಉದ್ಯಮ ಬೆಳೆದಿರಲಿಲ್ಲ.

1934ರಲ್ಲಿ ಯೋಜಿತ ಆರ್ಥಿಕತೆಯನ್ನು ಕುರಿತ ತಮ್ಮ ಗ್ರಂಥವನ್ನು ಪ್ರಕಟಿಸಿದ ವಿಶ್ವೇಶ್ವರಯ್ಯನವರು, ಮರುವರ್ಷ ಯುರೋಪ್ ಮತ್ತು ಅಮೆರಿಕಗಳಲ್ಲಿ ಸಂಚರಿಸಿ ಮೋಟಾರು ಕೈಗಾರಿಕೆಯನ್ನು ಅಧ್ಯಯನ ಮಾಡಿದರು. ಆಗ ಅವರ ವಯಸ್ಸು ಎಪ್ಪತ್ತನ್ನು ದಾಟಿತ್ತು. ಹಿಂತಿರುಗಿದ ಮೇಲೆ ಕಾರು ಮತ್ತು ಲಾರಿಗಳ ಕಾರ್ಖಾನೆಯೊಂದರ ಯೋಜನೆಯನ್ನು ಸಿದ್ಧಪಡಿಸಿದರು. 1937ರಲ್ಲಿ ಅಧಿಕಾರಕ್ಕೆ ಬಂದ ಮುಂಬಯಿಯ ಕಾಂಗ್ರೆಸ್ ಸರ್ಕಾರ ಅದಕ್ಕೆ ಒಲವು ತೋರಿತಾದರೂ 1939ರಲ್ಲಿ ರಾಜೀನಾಮೆ ನೀಡಿತು.

ಅಡೆತಡೆಗಳು ಮತ್ತು ಫಲಿತಾಂಶ
ಉದ್ಯಮಿ ವಾಲ್‌ಚಂದ್ ಹೀರಾಚಂದ್ ಈ ಪ್ರಯತ್ನವನ್ನು ಮುಂದುವರಿಸಿ ಅಮೆರಿಕದ ಕ್ರೈಸ್ಲರ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡರು. ಬೆಂಗಳೂರಿನಲ್ಲಿ ಕಾರ್ಖಾನೆ ಸ್ಥಾಪಿಸಲು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದ ಮೈಸೂರು ಸರ್ಕಾರವೂ ಆಸಕ್ತಿ ತಳೆದಿತ್ತು. ಆದರೆ ಎರಡನೆಯ ಮಹಾಯುದ್ಧದ ನಡುವೆ ಬ್ರಿಟಿಷ್ ಭಾರತ ಸರ್ಕಾರದ ಬೆಂಬಲ ದೊರೆಯದೆ ಯೋಜನೆ ನಿಂತುಹೋಯಿತು. ಅದೇ ವಾಲ್‌ಚಂದರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ 1940ರ ಡಿಸೆಂಬರ್‌ನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದರು. ಹೀಗೆ ಬೆಂಗಳೂರಿಗೆ ಕಾರಿನ ಬದಲು ವಿಮಾನದ ಕಾರ್ಖಾನೆ ಬಂದಿತು.

ವಾಲ್‌ಚಂದರ ಪ್ರೀಮಿಯರ್ ಆಟೋಮೊಬೈಲ್ಸ್ 1944ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾಯಿತು. 1953ರ ಸುಂಕ ಆಯೋಗದ ವರದಿಯ ನಂತರ, ಬಿಡಿಭಾಗಗಳನ್ನು ಹಂತಹಂತವಾಗಿ ದೇಶದಲ್ಲಿಯೇ ತಯಾರಿಸುವ ಕಾರ್ಯಕ್ರಮವಿಲ್ಲದ ಜೋಡಣಾ ಘಟಕಗಳಿಗೆ ಸರ್ಕಾರ ಅವಕಾಶ ನಿರಾಕರಿಸಿತು. ವಿಶ್ವೇಶ್ವರಯ್ಯನವರು ಎರಡು ದಶಕಗಳ ಹಿಂದೆ ಬಯಸಿದ್ದ ದಾರಿಗೆ ಇದು ಹತ್ತಿರವಾಗಿತ್ತು.

ಕೊನೆಯ ವರ್ಷಗಳು
1955ರಲ್ಲಿ ಇವರಿಗೆ ಭಾರತರತ್ನ ಪ್ರಶಸ್ತಿ ಸಂದಿತು. 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಇವರ ಜನ್ಮದಿನವಾದ ಸೆಪ್ಟೆಂಬರ್ 15ನ್ನು ಭಾರತದಲ್ಲಿ ಇಂಜಿನಿಯರುಗಳ ದಿನವನ್ನಾಗಿ ಆಚರಿಸಲಾಗುತ್ತದೆ.