ಫ್ಲಾರೆನ್ಸ್ ನೈಟಿಂಗೇಲ್ ಮತ್ತು ಶುಶ್ರೂಷಾ ತರಬೇತಿ

ರಾಯಚೂರು ನಗರ, ದೇವದುರ್ಗ ಹಾಗೂ ಮಾನ್ವಿ ತಾಲ್ಲೂಕುಗಳಲ್ಲಿ ಶುಶ್ರೂಷಾ ಸಹಾಯಕರಾಗಲು ಅಥವಾ ಆ ತರಬೇತಿಗೆ ಸೇರಲು ಅರ್ಜಿ ಸಲ್ಲಿಸುವ ಅಭ್ಯರ್ಥಿಗಳ ಮಾಹಿತಿಗಾಗಿ, ಆಧುನಿಕ ಶುಶ್ರೂಷಾ ತರಬೇತಿಗೆ ತಳಹದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಅವರ ಜೀವನವನ್ನು ಇಲ್ಲಿ ಸಂಕ್ಷಿಪ್ತವಾಗಿ ನೀಡಲಾಗಿದೆ.

ನೈಟಿಂಗೇಲ್ ಅವರು 1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಶ್ರೀಮಂತ ಇಂಗ್ಲಿಷ್ ಕುಟುಂಬದಲ್ಲಿ ಜನಿಸಿದರು. ಆಸ್ಪತ್ರೆಯ ಶುಶ್ರೂಷೆಯೆಂದರೆ ಬೇರೆ ಗತಿಯಿಲ್ಲದವರು ಮಾಡುವ ಕೀಳು ಕೆಲಸವೆಂಬ ಭಾವನೆ ಅಂದು ಬಲವಾಗಿದ್ದುದರಿಂದ, ಮಗಳು ದಾದಿಯಾಗುವುದನ್ನು ಮನೆಯವರು ಹಲವು ವರ್ಷ ವಿರೋಧಿಸಿದರು. 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್ ಸಂಸ್ಥೆಯಲ್ಲಿ ತರಬೇತಿ ಪಡೆಯುವ ಹೊತ್ತಿಗೆ ಅವರಿಗೆ 31 ವರ್ಷ ತುಂಬಿತ್ತು.

ಕ್ರಿಮಿಯಾ ಯುದ್ಧದ ಕಾಲದಲ್ಲಿ, 1854ರ ನವೆಂಬರ್‌ನಲ್ಲಿ, ಅವರು 38 ಮಹಿಳೆಯರ ತಂಡದೊಂದಿಗೆ ಟರ್ಕಿಯ ಸ್ಕುಟಾರಿ ಸೇನಾ ಆಸ್ಪತ್ರೆಯನ್ನು ತಲುಪಿದರು. ರೋಗಿಗಳ ದೈನಂದಿನ ಆರೈಕೆ ಅಲ್ಲಿ ಹೆಚ್ಚಾಗಿ ಆರ್ಡರ್ಲಿಗಳ ಪಾಲಿಗಿತ್ತು. ಇವರು ಯಾವುದೇ ತರಬೇತಿಯಿಲ್ಲದ ಸೈನಿಕರು. ರೋಗಿಯನ್ನು ತೊಳೆಯುವುದು, ಉಣಿಸುವುದು, ಹಾಸಿಗೆ ಬದಲಿಸುವುದು ಕಲಿತು ಮಾಡಬೇಕಾದ ಕೆಲಸಗಳೆಂದು ಅಂದು ಯಾರೂ ಭಾವಿಸಿರಲಿಲ್ಲ. ಶುಶ್ರೂಷಕಿಯರು ಬಂದ ನಂತರವೂ ಸಾವುಗಳು ನಿಲ್ಲಲಿಲ್ಲ. 1855ರ ಮಾರ್ಚ್‌ನಲ್ಲಿ ನೈರ್ಮಲ್ಯ ಆಯೋಗವು ಬಂದು ಚರಂಡಿಗಳನ್ನು ಸ್ವಚ್ಛಗೊಳಿಸಿ, ಗಾಳಿಯಾಡುವ ವ್ಯವಸ್ಥೆ ಮಾಡಿದ ಮೇಲೆಯೇ ಸಾವಿನ ಪ್ರಮಾಣ ತೀವ್ರವಾಗಿ ಇಳಿಯಿತು. ಯುದ್ಧಾನಂತರ ಅಂಕಿ ಅಂಶಗಳನ್ನು ಪರಿಶೀಲಿಸಿ ಈ ಸತ್ಯವನ್ನು ಅವರೇ ಲೋಕದ ಮುಂದಿಟ್ಟರು. ಜನಮನದಲ್ಲಿ ಅವರು ದೀಪಧಾರಿಣಿಯಾಗಿ ಉಳಿದಿದ್ದಾರೆ. ಆದರೆ ದೀಪಕ್ಕಿಂತ ಅವರ ಲೆಕ್ಕದ ಪುಸ್ತಕವೇ ಹೆಚ್ಚು ಜೀವಗಳನ್ನು ಉಳಿಸಿತೆನ್ನಬೇಕು.

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ನಿಧಿಯಿಂದ ಶುಶ್ರೂಷಾ ಶಾಲೆ ಆರಂಭವಾಯಿತು. ಒಂದು ವರ್ಷದ ತರಬೇತಿಯ ಅವಧಿಯಲ್ಲಿ ವಿದ್ಯಾರ್ಥಿನಿಯರಿಗೆ ಊಟ, ವಸತಿ, ಸಮವಸ್ತ್ರದ ಜೊತೆಗೆ ಅಲ್ಪ ವೇತನವನ್ನೂ ನೀಡಲಾಗುತ್ತಿತ್ತು. ಬಡ ಮನೆಯ ಹೆಣ್ಣುಮಕ್ಕಳು ಗೌರವದಿಂದ ದುಡಿಯುವ ದಾರಿ ಹೀಗೆ ತೆರೆಯಿತು.

ಭಾರತಕ್ಕೆ ಒಮ್ಮೆಯೂ ಬಾರದಿದ್ದರೂ, ಅನಾರೋಗ್ಯದಿಂದ ಬಹುಕಾಲ ಮನೆಯಲ್ಲೇ ಉಳಿದ ಅವರು ಇಲ್ಲಿನ ಸೇನಾ ಠಾಣೆಗಳಿಗೆ ಪ್ರಶ್ನಾವಳಿ ಕಳುಹಿಸಿ ನೀರು, ಚರಂಡಿಗಳ ವಿವರ ತರಿಸಿಕೊಂಡರು. ಆ ಮಾಹಿತಿಯು 1863ರ ರಾಯಲ್ ಆಯೋಗದ ವರದಿಗೆ ಆಧಾರವಾಯಿತು. 1876-78ರ ಭೀಕರ ಕ್ಷಾಮವು ಬಳ್ಳಾರಿಯೂ ಸೇರಿದಂತೆ ದಕ್ಷಿಣ ಭಾರತವನ್ನು ಕಾಡಿದಾಗ, ರೈತರ ಸಾಲ ಹಾಗೂ ನೀರಾವರಿಯ ಬಗ್ಗೆಯೂ ಬರೆದರು.

ಒಂದು ವಿಷಯದಲ್ಲಿ ಮಾತ್ರ ಕಾಲ ಅವರ ಪರ ನಿಲ್ಲಲಿಲ್ಲ. ಶುಶ್ರೂಷಕಿಯರ ನೋಂದಣಿಯನ್ನು ಅವರು ವಿರೋಧಿಸಿದ್ದರು. ನಡತೆ ಮತ್ತು ಕೌಶಲವನ್ನು ಪಟ್ಟಿಯಿಂದ ಅಳೆಯಲಾಗದೆಂಬುದು ಅವರ ನಿಲುವು. 1910ರ ಆಗಸ್ಟ್ 13ರಂದು ಅವರು ನಿಧನರಾದರು. 1919ರಲ್ಲಿ ಬ್ರಿಟನ್ ನೋಂದಣಿ ಕಾಯ್ದೆ ತಂದಿತು. ಭಾರತದಲ್ಲಿ 1947ರಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯ್ದೆ ಜಾರಿಗೆ ಬಂತು.

ಅಭ್ಯರ್ಥಿಗಳು ಗಮನಿಸಬೇಕಾದ ಅಂಶ ಇದೇ. ಕೆಲವು ತಿಂಗಳ ಪ್ರಮಾಣ ಪತ್ರ ಕೋರ್ಸಿನಿಂದ ಆಸ್ಪತ್ರೆಗಳಲ್ಲಿ ಸಹಾಯಕರಾಗಿ ದುಡಿಯಬಹುದು. ಆದರೆ ಅದರಿಂದ ಶುಶ್ರೂಷಕರಾಗಿ ನೋಂದಣಿ ದೊರೆಯುವುದಿಲ್ಲ. ಪಿ.ಯು.ಸಿ. ನಂತರದ ಎ.ಎನ್.ಎಂ. ಅಥವಾ ಜಿ.ಎನ್.ಎಂ. ತರಬೇತಿಗೆ ಸೇರಿದರೆ ನೋಂದಣಿಗೂ, ಮುಂದಿನ ಬಡ್ತಿಗೂ ಅವಕಾಶವಿರುತ್ತದೆ. ಎ.ಎನ್.ಎಂ. ಮಹಿಳೆಯರಿಗೆ ಮಾತ್ರ ಮೀಸಲಾಗಿದೆ. ಶುಲ್ಕ ಪಾವತಿಸುವ ಮೊದಲು ಸಂಸ್ಥೆಗೆ ಮಾನ್ಯತೆ ಇದೆಯೇ ಎಂಬುದನ್ನು ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ವಿಚಾರಿಸತಕ್ಕದ್ದು. ರಾಯಚೂರು ಜಿಲ್ಲೆಯ ಸ್ಥಳೀಯ ಅಭ್ಯರ್ಥಿಗಳು ಸಂವಿಧಾನದ 371(ಜೆ) ವಿಧಿಯನ್ವಯ ಮೀಸಲಾತಿ ಕೋರುವುದಾದರೆ, ಅರ್ಹತಾ ಪ್ರಮಾಣ ಪತ್ರವನ್ನು ಸಹಾಯಕ ಆಯುಕ್ತರ ಕಚೇರಿಯಿಂದ ಮುಂಚಿತವಾಗಿಯೇ ಪಡೆದಿರಬೇಕು.